ಬಿಳಿ ಕುದುರೆಯ ಚೀಟಿ

ನಾನು ಒಮ್ಮೆ ಒಬ್ಬರ ಹತ್ತಿರ ಕುದುರೆಯ ಬಣ್ಣಕ್ಕಾಗಿ ಜಗಳವಾಡಿದ್ದೇನೆ. ನಿಜದ ಕುದುರೆಯಲ್ಲ, ವಿಡಿಯೋ ಗೇಮಿನೊಳಗೆ ಓಡುವ ಕುದುರೆ. ಆಗ ನನಗೆ ಇಪ್ಪತ್ನಾಲ್ಕು ವರ್ಷ. ಮೂಡುಬಿದಿರೆಯ ಒಂದು ಲ್ಯಾಬಿನಲ್ಲಿ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಜನರ ರಕ್ತ ತೆಗೆಯುವ ಕೆಲಸ. ನನ್ನ ಮುಂದೆ ತೋಳು ಚಾಚಿ ಕೂತವರಿಗೆಲ್ಲ "ಹೆದರ್ಬೇಡಿ, ಇರುವೆ ಕಚ್ಚಿದ ಹಾಗೆ" ಎಂದು ದೊಡ್ಡವಳ ಹಾಗೆ ಸಮಾಧಾನ ಹೇಳುತ್ತಿದ್ದವಳು, ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ನಿಂತು ಚಿಕ್ಕ ಮಕ್ಕಳ ಹಾಗೆ ಹಟ ಮಾಡಿದೆ. ಆ ಹಟವನ್ನು ತಾಳಿಕೊಂಡ ಮನುಷ್ಯ ಈ ಸಲದ ಬೇಸಗೆಯಲ್ಲಿ ತೀರಿಕೊಂಡರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಸ್ವಂತ ಅಂಗಡಿಯ ಬೋರ್ಡಿನ ಮೇಲೂ ಅವರು ಹೆಸರು ಹಾಕಿಸಿದವರಲ್ಲ. ಮೂಡುಬಿದಿರೆಯಲ್ಲಿ ಎಲ್ಲರ ಬಾಯಲ್ಲಿ ಅವರು ಗೇಮಿನಣ್ಣ. ಪಕ್ಕದ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹಮೀದಾಕ ಅವರಿಗಿಂತ ಹತ್ತು ವರ್ಷವಾದರೂ ದೊಡ್ಡವರು. ಅವರೂ "ಏ ಗೇಮಿನಣ್ಣ, ಚಾ ಕುಡಿಯುವನಾ" ಎಂದೇ ಕರೆಯುತ್ತಿದ್ದರು.

ಅಂಗಡಿ ಎಂದರೆ ಮೊದಲು ಕೊಡೆ ರಿಪೇರಿಯವರು ಇದ್ದ ಒಂದು ಸಪೂರ ಕೋಣೆ. ಒಂದು ಗಾಜಿನ ಕಪಾಟು, ಅದರಲ್ಲಿ ಆಟದ ಡಿಸ್ಕುಗಳು. ಗೋಡೆಗೆ ಒಂದು ಟಿವಿ, ಅದರ ಕೆಳಗೆ ಆಟದ ಮೆಷಿನ್, ಎದುರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಮೆಷಿನ್ ಇದ್ದವರು ಡಿಸ್ಕು ಕೊಳ್ಳಲು ಬರುತ್ತಿದ್ದರು. ಇಲ್ಲದವರು ಅರ್ಧ ಗಂಟೆಗೆ ಇಷ್ಟು ಎಂದು ಕೊಟ್ಟು ಅಲ್ಲಿಯೇ ಕೂತು ಆಡುತ್ತಿದ್ದರು. ಹಮೀದಾಕ ಎರಡನೆಯ ಜಾತಿ. ಊಟದ ನಂತರ ಅಂಗಿಯ ಕಾಲರಿಗೆ ಸೂಜಿ ಚುಚ್ಚಿಕೊಂಡು ಬಂದು ಕೂರುತ್ತಿದ್ದರು. ಇನ್ನೊಬ್ಬರು ಪುತ್ತಿಗೆಯ ಕಡೆ ರಿಕ್ಷಾ ಬಿಡುತ್ತಿದ್ದ ಸದಾಶಿವಣ್ಣ. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಅವರ ಖಾಕಿ ಅಂಗಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.

ನಾನು ಮೆಷಿನ್ ಇದ್ದವರ ಪೈಕಿ. ಅದು ನನ್ನ ಸಾಮರ್ಥ್ಯದಿಂದ ಬಂದದ್ದಲ್ಲ. ಕತಾರಿನಲ್ಲಿದ್ದ ನನ್ನ ಅಣ್ಣ ರಜೆಗೆ ಬರುವಾಗ ತನಗೆಂದು ತಂದದ್ದು, ರಜೆ ಮುಗಿಸಿ ಹೋಗುವಾಗ ನಮ್ಮ ನಾರಾವಿಯ ಮನೆಯಲ್ಲಿ ಬಿಟ್ಟುಹೋದದ್ದು. ಅವನು ಮುಂದಿನ ರಜೆಗೆ ಬರುವಷ್ಟರಲ್ಲಿ ಅದು ನನ್ನದಾಗಿತ್ತು. ಮೊದಲ ಸಂಬಳ ಬಂದ ದಿನ ನಾರಾವಿ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಆ ಅಂಗಡಿಯ ಮೆಟ್ಟಿಲು ಹತ್ತಿದೆ. ಹುಡುಗಿಯೊಬ್ಬಳು ಡಿಸ್ಕು ಕೇಳಿದರೆ ಉಳಿದ ಅಂಗಡಿಯವರು ಹೇಳುವ ಮಾತು ಒಂದೇ, "ತಮ್ಮನಿಗಾ?" ಅವರು ಹಾಗೆ ಕೇಳಲಿಲ್ಲ. "ಆಡುವಾಗ ಕೈ ಬೆವರ್ತದಾ?" ಎಂದು ಕೇಳಿದರು. ಬೆವರುತ್ತದೆ ಎಂದೆ. ಹಮೀದಾಕನ ಅಂಗಡಿಯಿಂದ ಒಂದು ತುಂಡು ಕೋರಾ ಬಟ್ಟೆ ತಂದು ಡಿಸ್ಕಿನ ಜೊತೆ ಕಟ್ಟಿಕೊಟ್ಟರು. ಅವತ್ತಿನಿಂದ ನಾನು ಆ ಅಂಗಡಿಯ ಖಾಯಂ ಗಿರಾಕಿ.

ಅವರ ಕೈಗಳ ಬಗ್ಗೆ ಹೇಳಬೇಕು. ಯಾರಿಗೆ ಏನು ಕೊಟ್ಟರೂ ಬಲಗೈಯಲ್ಲಿ ಕೊಡುವುದು, ಎಡಗೈಯ ಬೆರಳು ಬಲ ಮೊಣಕೈಗೆ ತಾಗಿರುವುದು. ಚಿಲ್ಲರೆ ಕೊಡುವಾಗಲೂ ಹಾಗೆಯೇ. ಕೊಟ್ಟ ಮೇಲೆ ಕೂಡಲೇ ಹಿಂದೆ ಸರಿಯುತ್ತಿರಲಿಲ್ಲ, ತೆಗೆದುಕೊಂಡವರ ಮುಖ ಒಂದು ಕ್ಷಣ ನೋಡುತ್ತಿದ್ದರು, ಇನ್ನು ಸ್ವಲ್ಪ ಹಾಕಲಾ ಎಂದು ಕೇಳುವವರ ಹಾಗೆ. ಇದು ಎಲ್ಲಿಂದ ಬಂದ ಅಭ್ಯಾಸ ಎಂದು ನನಗೆ ತಡವಾಗಿ ಗೊತ್ತಾಯಿತು. ಗಲ್ಫಿಗೆ ಹೋಗುವ ಮೊದಲು ಅವರು ಮದುವೆ ಮನೆಗಳಲ್ಲಿ ಬಡಿಸುವ ತಂಡದಲ್ಲಿದ್ದರಂತೆ. ಪೊಳಲಿಯ ಸುತ್ತಮುತ್ತ ಅವರು ಸಾರಿನ ಬಕೆಟು ಹಿಡಿದು ಓಡಾಡದ ಚಪ್ಪರವಿರಲಿಲ್ಲ. ಆಮೇಲೆ ಶಾರ್ಜಾದಲ್ಲಿ ಒಂದು ದೊಡ್ಡ ಗೇಮಿನ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್. ಹನ್ನೊಂದು ವರ್ಷ ಅಲ್ಲಿ ನಿಂತು ಸಾವಿರಾರು ಡಬ್ಬಿ ಮಾರಿದರು, ಒಂದು ದಿನವೂ ಕೂತು ಆಡಲಿಲ್ಲ. ಕೆಲಸದವರು ಕೂರುವ ಹಾಗಿರಲಿಲ್ಲ. "ಊರಿಗೆ ಬಂದು ಅಂಗಡಿ ಇಟ್ಟ ಮೇಲೆ ಮೊದಲು ತಂದದ್ದೇ ಕುರ್ಚಿ" ಎಂದು ನಗುತ್ತಿದ್ದರು.

ಆ ಅಂಗಡಿಯಲ್ಲಿ ಒಂದು ಕ್ರಮ ಇತ್ತು, ಬೇರೆ ಎಲ್ಲಿಯೂ ನಾನು ನೋಡದ್ದು. ಸಾಮಾನ್ಯವಾಗಿ ಇಂಥ ಕಡೆ ಒಬ್ಬೊಬ್ಬರಿಗೆ ಒಂದೊಂದು ಆಟ, ಅವರವರು ನಿಲ್ಲಿಸಿದ ಜಾಗದಿಂದ ಅವರವರು ಮುಂದುವರಿಸುವುದು. ಇಲ್ಲಿ ಎಲ್ಲರಿಗೂ ಸೇರಿ ಒಂದೇ. ಸದಾಶಿವಣ್ಣ ಕಾಡಿನವರೆಗೆ ತಲುಪಿಸಿ ಎದ್ದರೆ ಹಮೀದಾಕ ಕಾಡಿನಿಂದ ಮುಂದೆ. ಹಮೀದಾಕ ಎದ್ದರೆ ಸಂಜೆ ಬರುವ ಬೇಕರಿಯವನು ಅಲ್ಲಿಂದ ಮುಂದೆ. "ಹತ್ತು ಜನ ಹತ್ತು ಸಲ ಒಂದೇ ಬಾಗಿಲು ಒಡೆಯುವುದು ಎಂತಕ್ಕೆ? ಒಬ್ಬ ಒಡೆದರೆ ಸಾಕಲ್ಲ" ಎಂಬುದು ಅವರ ವಾದ. ಎದ್ದು ಹೋಗುವವರು ಮುಂದಿನವರಿಗೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದಿಡಬೇಕು. ಸದಾಶಿವಣ್ಣನ ಬರವಣಿಗೆ ದಾರಿ ಹೇಳುವವರದ್ದು: "ಸೇತುವೆ ಮುರಿದಿದೆ, ಕೆಳಗಿನಿಂದ ಹೋಗಿ, ಎಡಕ್ಕೆ ನಾಯಿಗಳಿವೆ." ಹಮೀದಾಕ ಯಾವಾಗಲೂ ಬರೆಯುತ್ತಿದ್ದದ್ದು ಒಂದೇ: "ಸುಮ್ಮನೆ ತಿರುಗಿದೆ. ಯಾರನ್ನೂ ಕೊಲ್ಲಲಿಲ್ಲ." ಆ ಆಟದಲ್ಲಿ ಒಬ್ಬ ಸವಾರ, ಅವನಿಗೊಂದು ಕಂದು ಕುದುರೆ. ಎದ್ದು ಹೋಗುವ ಮೊದಲು ಕುದುರೆಗೆ ಹುಲ್ಲು ತಿನ್ನಿಸಿ ಹೋಗಬೇಕೆಂಬುದು ಗೇಮಿನಣ್ಣನ ಕಟ್ಟುನಿಟ್ಟು. ಹಸಿದ ಕುದುರೆಯನ್ನು ಬಿಟ್ಟುಹೋದವರಿಗೆ ಮರುದಿನ ಕುರ್ಚಿ ಸಿಗುತ್ತಿರಲಿಲ್ಲ.

ನಾನು ಈ ಸಾಲಿಗೆ ಸೇರಲಿಲ್ಲ. ಮನೆಯಲ್ಲಿ ಮೆಷಿನ್ ಇದ್ದವಳಿಗೆ ಅರ್ಧ ಗಂಟೆಯ ಕುರ್ಚಿ ಯಾಕೆ ಎಂಬ ಜಂಬ. ಗೇಮಿನಣ್ಣ ಒಂದೆರಡು ಸಲ "ಕೂತ್ಕೊ ಮಾರಾಯ್ತಿ, ಬಸ್ಸಿಗೆ ಹೊತ್ತುಂಟಲ್ಲ" ಎಂದು ಕರೆದರು. ನಾನು ನಿಂತುಕೊಂಡೇ ನೋಡಿದೆ. ಹಮೀದಾಕ ಕುದುರೆಯನ್ನು ಮರಕ್ಕೆ ಗುದ್ದಿಸುವಾಗ ಮನಸ್ಸಿನಲ್ಲಿಯೇ ನಕ್ಕೆ.

ಆ ಆಟದ ಎರಡನೆಯ ಭಾಗ ಬರುತ್ತದೆ ಎಂಬ ಸುದ್ದಿ ಬಂದಾಗ ಅಂಗಡಿಯಲ್ಲಿ ಹಬ್ಬದ ಕಳೆ. ಮೊದಲೇ ಬುಕ್ ಮಾಡಿ ಅಡ್ವಾನ್ಸ್ ಕೊಟ್ಟವರಿಗೆ ಡಿಸ್ಕಿನ ಜೊತೆ ಒಂದು ಚೀಟಿ ಬರುತ್ತದೆ. ಚೀಟಿಯಲ್ಲಿರುವ ಗುಟ್ಟಿನ ಅಕ್ಷರಗಳನ್ನು ಮೆಷಿನ್‌ಗೆ ಕೊಟ್ಟರೆ ಸವಾರನಿಗೆ ಕಂದು ಕುದುರೆಯ ಬದಲು ಬಿಳಿ ಕುದುರೆ. ಒಂದು ಚೀಟಿ ಒಂದೇ ಮೆಷಿನ್‌ಗೆ. ಆಮೇಲೆ ಕೊಳ್ಳುವವರಿಗೆ ಎಷ್ಟು ದುಡ್ಡು ಕೊಟ್ಟರೂ ಬಿಳಿ ಕುದುರೆ ಇಲ್ಲ. ಕಂಪೆನಿಯ ಪೋಸ್ಟರಿನಲ್ಲಿ ಅದು ಮುಂಗಾಲು ಎತ್ತಿ ನಿಂತಿತ್ತು, ಕೆಳಗೆ ದೊಡ್ಡ ಅಕ್ಷರದಲ್ಲಿ "ಎಕ್ಸ್‌ಕ್ಲೂಸಿವ್" ಎಂದು. ಆ ಪದ ನೋಡಿಯೇ ನನಗೆ ಅದು ಬೇಕೆನಿಸಿತು.

ಸಂಬಳ ಆಗುವುದಕ್ಕೆ ಕಾದು, ಬುಕ್ಕಿಂಗಿನ ಕೊನೆಯ ದಿನ ಹೋಗಿ ಅಡ್ವಾನ್ಸ್ ಕೊಟ್ಟೆ. ಗೇಮಿನಣ್ಣ ಪಟ್ಟಿಯ ತುದಿಯಲ್ಲಿ ನನ್ನ ಹೆಸರು ಬರೆದುಕೊಂಡು ಸಂತೋಷದಿಂದ ಹೇಳಿದರು, "ಅಂಗಡಿಯ ಮೆಷಿನ್‌ಗೂ ಒಂದು ಬುಕ್ ಮಾಡಿದ್ದೇನೆ. ಬಿಳಿ ಕುದುರೆ ಇಲ್ಲಿಗೂ ಬರ್ತದೆ. ಇವರೆಲ್ಲ ಒಂದು ತಿಂಗಳಿಂದ ಕಾಯ್ತಾ ಇದ್ದಾರೆ. ಎಲ್ಲರೂ ಓಡಿಸುವ."

ನನಗೆ ಎಲ್ಲಿಂದ ಸಿಟ್ಟು ಬಂತೋ. "ಅಣ್ಣ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಆಟ ಹೇಗುಂಟು ಅಂತ ಗೊತ್ತಿಲ್ಲದೆ ನಾವು ಮೊದಲೇ ದುಡ್ಡು ಕೊಡುವುದು. ಅದಕ್ಕೇ ಅಲ್ಲವಾ ಕುದುರೆ ಕೊಡುವುದು?"

"ಹೌದು."

"ಅರ್ಧ ಗಂಟೆ ಕೂತು ಹೋಗುವವರೂ ಅದನ್ನೇ ಓಡಿಸಿದರೆ ನಾವು ಬೆಪ್ಪರಾ ಮತ್ತೆ?"

ಪಕ್ಕದ ಕೋಣೆಯಲ್ಲಿ ಹೊಲಿಗೆ ಮೆಷಿನಿನ ಸದ್ದು ನಿಂತಿತು. ಹಮೀದಾಕ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದರೂ ನಾನು ಬಾಯಿ ಮುಚ್ಚಲಿಲ್ಲ.

"ಅವರು ಓಡಿಸಿದರೆ ನಿನ್ನ ಕುದುರೆ ಕುಂಟುತ್ತದಾ?" ಎಂದರು ಗೇಮಿನಣ್ಣ.

"ಕುಂಟುವುದಿಲ್ಲ. ಆದರೆ ನನ್ನದು ಅಂತ ಎಂತ ಉಳೀತು?"

ಅವರು ಸ್ಟೂಲಿನ ಮೇಲೆ ಕೂತರು. ಮದುವೆ ಮನೆಯ ಕಥೆ ಹೇಳಿದ್ದು ಆಗಲೇ. "ನಾನು ಬಡಿಸ್ಲಿಕ್ಕೆ ಹೋಗ್ತಿದ್ದಾಗ ಒಂದು ಮನೆಯಲ್ಲಿ ಮೊದಲ ಪಂಕ್ತಿಗೆ ಹೋಳಿಗೆ, ಕೊನೆಯ ಪಂಕ್ತಿಗೆ ಇಲ್ಲ. ಮುಗಿದದ್ದಲ್ಲ ಮಾರಾಯ್ತಿ. ಒಳಗೆ ಉಂಟು. ಮೊದಲು ಬಂದ ದೊಡ್ಡವರಿಗೆ ವಿಶೇಷ ಅಂತ ಆಗ್ಬೇಕಲ್ಲ, ಅದಕ್ಕೆ ಉಳಿದವರಿಗೆ ತೆಗೀಲಿಲ್ಲ. ಕೊನೆಯ ಪಂಕ್ತಿಯಲ್ಲಿ ಯಾರು ಗೊತ್ತುಂಟಾ, ಬೆಳಗ್ಗಿನಿಂದ ತೆಂಗಿನಕಾಯಿ ತುರಿದವರು. ಮೊದಲು ಬಂದವರಿಗೆ ಮೊದಲು ಬಡಿಸುವ, ಒಳ್ಳೆ ಜಾಗದಲ್ಲಿ ಕೂರಿಸುವ, ನಾನು ಬೇಡ ಅನ್ನುವುದಿಲ್ಲ. ಬೇಕಾದರೆ ಒಂದು ಟೀಶರ್ಟು ಕೊಡ್ಲಿ, ಪೋಸ್ಟರು ಕೊಡ್ಲಿ. ಈ ಕುದುರೆಯನ್ನು ಆಟದ ಜೊತೆಗೇ ಮಾಡಿದ್ದು. ಮಾಡಿಟ್ಟದ್ದನ್ನೇ ಕೋಣೆಯಲ್ಲಿ ಹಾಕಿ ಬೀಗ ಜಡಿದು, ಕೆಲವರಿಗೆ ಮಾತ್ರ ಅಂತ ಹೇಳುವುದು ನನಗೆ ಸರಿ ಕಾಣುವುದಿಲ್ಲ."

"ಅದು ಊಟ, ಇದು ವ್ಯಾಪಾರ" ಎಂದೆ. "ಅವರು ಮೊದಲೇ ಹೇಳಿದ್ದಾರೆ. ಬೇಕಾದವರು ಬುಕ್ ಮಾಡ್ಬಹುದಿತ್ತು. ಮೊದಲು ಕೊಟ್ಟವರಿಗೆ ಸಿಗ್ಬೇಕು, ಅಷ್ಟೇ ನ್ಯಾಯ."

"ಮೊದಲು ಕೊಟ್ಟವರಿಗೆ" ಎಂದು ಅವರು ನಿಧಾನವಾಗಿ ನನ್ನ ಮಾತನ್ನೇ ಹೇಳಿಕೊಂಡರು. "ಅದೂ ಒಂದು ಲೆಕ್ಕವೇ. ನೀನು ಹೇಳುವುದರಲ್ಲಿ ಹುರುಳಿಲ್ಲ ಅಂತ ಅಲ್ಲ."

ಅವರ ಈ ಗುಣ ನನಗೆ ಆಗ ಬಲಹೀನತೆಯ ಹಾಗೆ ಕಂಡಿತ್ತು. ಎದುರಿನವರ ಮಾತಿನಲ್ಲಿ ಸ್ವಲ್ಪ ಸರಿ ಇದ್ದರೆ ಅಷ್ಟನ್ನು ಒಪ್ಪಿಯೇಬಿಡುವವರು. ವಾದದಲ್ಲಿ ಗೆಲ್ಲಬೇಕೆಂದು ಅವರು ಕೂತದ್ದನ್ನು ನಾನು ನೋಡಿಲ್ಲ. ನಾನು ಮಾತ್ರ ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ. ಹೊರಗೆ ಬರುವಾಗ ಹಮೀದಾಕನ ಮುಖ ನೋಡಲು ನಾಚಿಕೆಯಾಗಿ ಚಪ್ಪಲಿ ಹುಡುಕುವವಳ ಹಾಗೆ ತಲೆ ತಗ್ಗಿಸಿದ್ದೆ.

ಡಿಸ್ಕು ಬಂದ ದಿನ ಲ್ಯಾಬಿಗೆ ಅರ್ಧ ದಿನ ರಜೆ ಹಾಕಿದೆ. ನಾನು ತಲುಪುವಾಗ ಉಳಿದವರು ಬಂದು ತೆಗೆದುಕೊಂಡು ಹೋಗಿ ಆಗಿತ್ತು. ಮೇಜಿನ ಮೇಲೆ ನನ್ನ ಡಬ್ಬಿ ಇತ್ತು, ಚೀಟಿ ಅವರ ಕೈಯಲ್ಲಿತ್ತು. ಚೀಟಿಗಳು ಮಂಗಳೂರಿನ ಡೀಲರಿನಿಂದ ಬೇರೆ ಲಕೋಟೆಯಲ್ಲಿ ಬಂದಿದ್ದವು. ಹಣ ಕೊಟ್ಟೆ. ಅವರು ಚೀಟಿಯನ್ನು ಕೂಡಲೇ ಕೊಡದೆ ಒಂದು ಪ್ರಶ್ನೆ ಕೇಳಿದರು.

"ಸತ್ಯ ಹೇಳ್ಬೇಕು. ನಿನಗೆ ಸಿಗ್ತದೆ ಅಂತ ಖುಷಿಯಾ, ಬೇರೆಯವರಿಗೆ ಸಿಗುವುದಿಲ್ಲ ಅಂತ ಖುಷಿಯಾ?"

ತಮಾಷೆಯ ಧ್ವನಿ ಅಲ್ಲ, ಚುಚ್ಚು ಮಾತೂ ಅಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ನಾನು "ಎರಡೂ" ಎಂದೆ.

ಅವರು ಜೋರಾಗಿ ನಕ್ಕರು. "ಒಬ್ಬಳಾದರೂ ಸತ್ಯ ಹೇಳಿದಳು. ತಗೋ" ಎಂದು ಎಡಗೈ ಮೊಣಕೈಗೆ ತಾಗಿಸಿ ಬಲಗೈಯಲ್ಲಿ ಚೀಟಿ ಕೊಟ್ಟರು. ಕೊಟ್ಟು ಎಂದಿನಂತೆ ನನ್ನ ಮುಖ ನೋಡುತ್ತ ನಿಂತರು.

ನಾರಾವಿಯಲ್ಲಿ ಮೂರು ದಿನ ಬಿಳಿ ಕುದುರೆ ಓಡಿಸಿದೆ. ಓಟದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಬಣ್ಣ ಬಿಳಿ, ಅಷ್ಟೇ. ಕೆಸರಿನಲ್ಲಿ ಹೋದರೆ ಎಲ್ಲರ ಕುದುರೆಗಿಂತ ಬೇಗ ಗಲೀಜು ಕಾಣುತ್ತಿತ್ತು. ಅಮ್ಮನನ್ನು ಕರೆದು ತೋರಿಸಿದೆ. "ಚಂದ ಉಂಟು, ಅನ್ನ ಆರ್ತದೆ" ಎಂದರು. ಅಣ್ಣನಿಗೆ ಫೋನಿನಲ್ಲಿ ಹೇಳಿದೆ, ಅವನು "ಹೌದಾ" ಎಂದು ಬೇರೆ ವಿಷಯ ತೆಗೆದ. ಯಾರಿಗೂ ಸಿಗದ ವಸ್ತು ಸಿಕ್ಕಿದರೆ ಅದನ್ನು ನೋಡಿ ಹೊಟ್ಟೆಕಿಚ್ಚುಪಡುವುದಕ್ಕಾದರೂ ನಾಲ್ಕು ಜನ ಬೇಕು ಎಂದು ಆಗ ತಿಳಿಯಿತು. ನಾರಾವಿಯಲ್ಲಿ ನಾನೊಬ್ಬಳೇ ಇದ್ದೆ.

ಮುಂದಿನ ತಿಂಗಳು ಅಂಗಡಿಗೆ ಹೋದಾಗ ಟಿವಿಯಲ್ಲಿ ಅದೇ ಹೊಸ ಆಟ ನಡೆಯುತ್ತಿತ್ತು. ಸದಾಶಿವಣ್ಣ ಕೂತಿದ್ದರು. ಕುದುರೆ ಕಂದು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಗೇಮಿನಣ್ಣ ನನ್ನ ಮಾತಿಗೆ ಬೆಲೆ ಕೊಟ್ಟು ಅಂಗಡಿಯ ಚೀಟಿಯನ್ನು ಬಳಸದೆ ಬಿಟ್ಟಿದ್ದಾರೆ ಎಂದುಕೊಂಡೆ. ಸದಾಶಿವಣ್ಣ ಗೇಮಿನಣ್ಣನನ್ನು ಗೇಲಿ ಮಾಡುತ್ತಿದ್ದರು, "ಬಿಳಿ ಬರ್ತದೆ ಅಂತ ನನ್ನ ರಿಕ್ಷಾದಲ್ಲಿ ಕೂತ ಪ್ಯಾಸೆಂಜರಿಗೆಲ್ಲ ಹೇಳಿಟ್ಟಿದ್ದೆ ಮಾರಾಯ್ರೆ, ಮರ್ಯಾದೆ ಹೋಯ್ತು." ಗೇಮಿನಣ್ಣ "ಕುದುರೆಗೆ ಹುಲ್ಲು ಹಾಕಿ ಏಳಿ, ಹೊತ್ತಾಯ್ತು" ಎಂದರು. ನಾನು ಅಲ್ಲಿಯೇ ನಿಂತಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ.

ಎರಡು ವರ್ಷದ ನಂತರ ನನಗೆ ಬಿ.ಸಿ. ರೋಡಿಗೆ ಮದುವೆಯಾಯಿತು. ಪೊಳಲಿಯ ಹತ್ತಿರದ ಕಲ್ಯಾಣಮಂಟಪದಲ್ಲಿ ಊಟ. ಅವರು ಇಸ್ತ್ರಿ ಹಾಕಿದ ಬಿಳಿ ಪಂಚೆಯಲ್ಲಿ ಬಂದಿದ್ದರು. ಉಡುಗೊರೆ ಕೊಟ್ಟು ಫೋಟೋಕ್ಕೆ ನಿಂತು ಕೆಳಗಿಳಿದವರು ಮತ್ತೆ ಕಾಣಲಿಲ್ಲ. ಹೋಗಿರಬೇಕು ಎಂದುಕೊಂಡಿದ್ದೆ. ಕೊನೆಯ ಪಂಕ್ತಿಗೆ ನಾವು ಮದುಮಕ್ಕಳು ಕೂತಾಗ ನೋಡಿದರೆ ಪಂಚೆ ಎತ್ತಿ ಕಟ್ಟಿ, ಪಾಯಸದ ಬಕೆಟು ಹಿಡಿದು ನಮ್ಮ ಸಾಲಿನಲ್ಲಿ ಬರುತ್ತಿದ್ದಾರೆ. ಬಡಿಸುವವರ ತಂಡದಲ್ಲಿ ಒಬ್ಬರು ಹಳೆಯ ಪರಿಚಯವಂತೆ. ನನ್ನ ಎಲೆಗೆ ಎರಡು ಸಲ ಹಾಕಿದರು. ಗಂಡನಿಗೆ "ಇವಳು ಕುದುರೆ ಸವಾರಿ ಮಾಡ್ತಾಳೆ, ಜಾಗ್ರತೆ" ಎಂದು ಹೇಳಿ ಮುಂದೆ ಹೋದರು.

ಆಮೇಲಿನದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆಟಗಳು ಡಬ್ಬಿಯಲ್ಲಿ ಬರುವುದು ಕಡಿಮೆಯಾಯಿತು. ಎಲ್ಲ ನೇರವಾಗಿ ಮನೆಯ ಮೆಷಿನ್‌ಗೆ, ಮೊಬೈಲಿಗೆ. ಗಾಜಿನ ಕಪಾಟಿನಲ್ಲಿ ಡಿಸ್ಕಿನ ಬದಲು ಮೊಬೈಲಿನ ಕವರುಗಳು ಬಂದವು. ಸ್ವಲ್ಪ ಸಮಯದಲ್ಲಿ ಅದೂ ನಿಂತು ಅವರು ಪುತ್ತಿಗೆಯ ಮನೆಯಲ್ಲಿ ಕೂತರು.

ಕೊನೆಯ ಸಲ ಸಿಕ್ಕಿದ್ದು ಎರಡು ವರ್ಷದ ಹಿಂದೆ, ಮೂಡುಬಿದಿರೆಯ ಬಸ್ಸಿನಲ್ಲಿ. ತೆಳ್ಳಗಾಗಿದ್ದರು. ನನ್ನ ಮಗಳು ಮೊಬೈಲಿನಲ್ಲಿ ಯಾವುದೋ ಆಟಕ್ಕೆ ಮೊದಲೇ ಹೆಸರು ಕೊಟ್ಟು ಚಿನ್ನದ ಬಣ್ಣದ ಅಂಗಿ ಪಡೆದಿದ್ದಳು. ಅದನ್ನು ಹೇಳಿ, "ನಿಮ್ಮ ಹೋಳಿಗೆ ಕಥೆ ಹೇಳಿದೆ ಅಣ್ಣ, ಅವಳು ಕೇಳುವುದಿಲ್ಲ" ಎಂದೆ. ಅವರು ಕಿಟಕಿಯ ಕಡೆ ನೋಡುತ್ತ, "ನಾನು ಹೇಳಿದ್ದೂ ಪೂರ್ತಿ ಸರಿ ಅಲ್ಲ" ಎಂದರು. "ಮೊದಲು ಕೊಡುವವರು ನಾಲ್ಕು ಜನ ಇಲ್ಲದಿದ್ದರೆ ನಮ್ಮ ಊರಿಗೆ ಡಬ್ಬಿಯೇ ಬರ್ತಿರಲಿಲ್ಲ. ಅವರಿಗೆ ಎಂತಾದ್ರೂ ಕೊಡ್ಬೇಕು. ಆದರೆ ಎಂತ ಕೊಡುವುದು ಅಂತ ನನಗೆ ಈಗಲೂ ಗೊತ್ತಾಗ್ಲಿಲ್ಲ." ಇಳಿಯುವ ಮೊದಲು ಕೇಳಿದರು, "ನಿನ್ನ ಮೆಷಿನ್ ಉಂಟಾ?" ಮದುವೆಯಾಗಿ ಬರುವಾಗ ತಂದದ್ದು, ಅಟ್ಟದಲ್ಲಿ ಉಂಟು ಎಂದೆ. "ಬಿಸಾಡ್ಬೇಡ" ಎಂದು ಇಳಿದುಹೋದರು. ಹಳೆಯ ವಸ್ತುಗಳ ಮೇಲೆ ವಯಸ್ಸಾದವರಿಗೆ ಇರುವ ಮೋಹ ಎಂದುಕೊಂಡೆ.

ಉತ್ತರಕ್ರಿಯೆಯ ದಿನ ಪುತ್ತಿಗೆಗೆ ಹೋದೆ. ಊಟ ಮುಗಿಸಿ ಅಂಗಳದಲ್ಲಿ ಕೈ ತೊಳೆಯುವಾಗ ಹಮೀದಾಕ ಸಿಕ್ಕಿದರು. ಕಣ್ಣಿಗೆ ದಪ್ಪ ಕನ್ನಡಕ ಬಂದಿದೆ. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕ ಕೂಡಲೇ, "ಬಿಳಿ ಕುದುರೆಯವಳು" ಎಂದರು. ಇಬ್ಬರೂ ಚಪ್ಪರದ ಕಂಬದ ಹತ್ತಿರ ಕುರ್ಚಿ ಎಳೆದು ಕೂತೆವು. ಹಳೆಯ ಅಂಗಡಿಯ ಮಾತು ಬಂತು. ನಾನು ನಗುತ್ತ, "ಅವತ್ತು ನನ್ನ ಮಾತು ಕೇಳಿ ಅಂಗಡಿಗೆ ಬಿಳಿ ಕುದುರೆ ತರದೆ ಬಿಟ್ಟರಲ್ಲ, ನಿಮಗೆಲ್ಲ ನನ್ನ ಮೇಲೆ ಕೋಪ ಬಂದಿರ್ಬೇಕು" ಎಂದೆ.

ಹಮೀದಾಕ ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿನಗೆ ಗೊತ್ತೇ ಇಲ್ಲವಾ ಮಗಳೇ?"

ಎಂತದ್ದು ಎಂದು ಕೇಳಿದೆ.

"ಮಂಗಳೂರಿನಿಂದ ಬಂದ ಲಕೋಟೆಯಲ್ಲಿ ಚೀಟಿ ಒಂದು ಕಡಿಮೆ ಇತ್ತು. ಅಂಗಡಿಯದ್ದೂ ಸೇರಿ ಬುಕ್ ಆದದ್ದು ಏಳು, ಬಂದದ್ದು ಆರು. ಡೀಲರಿಗೆ ಫೋನ್ ಮಾಡಿದ, ಇನ್ನು ಬರುವುದಿಲ್ಲ ಅಂತ ಹೇಳಿದರು. ಪಟ್ಟಿಯಲ್ಲಿ ಮೊದಲನೇ ಹೆಸರು ಅಂಗಡಿಯದ್ದು. ಅವನೇ ಎಲ್ಲರಿಗಿಂತ ಮೊದಲು ದುಡ್ಡು ಕೊಟ್ಟಿದ್ದ. ಕೊನೆಯದ್ದು ನಿನ್ನದು. ನೀನು ಬರುವಾಗ ಉಳಿದದ್ದು ಒಂದೇ ಚೀಟಿ, ಅದು ಅಂಗಡಿಯದ್ದು."

ಮೊದಲು ಕೊಟ್ಟವರಿಗೆ ಸಿಗಬೇಕು, ಅಷ್ಟೇ ನ್ಯಾಯ ಎಂದು ಆ ಅಂಗಡಿಯಲ್ಲಿ ನಿಂತು ಹೇಳಿದವಳು ನಾನೇ. ನನ್ನ ನ್ಯಾಯದ ಪ್ರಕಾರವೇ ಹೋಗಿದ್ದರೆ ನನಗೆ ಚೀಟಿ ಇರಲಿಲ್ಲ. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ನನ್ನ ಬಾಯಿ ಮುಚ್ಚುತ್ತಿತ್ತು.

"ನಮಗೆ ಕೋಪ ಬಂದದ್ದು ಹೌದು" ಎಂದರು ಹಮೀದಾಕ. "ಸದಾಶಿವ ಎರಡು ದಿನ ಮಾತಾಡ್ಲಿಲ್ಲ. ನಮಗೆ ಮಾತು ಕೊಟ್ಟಿದ್ದನಲ್ಲ. ನಾನೂ ಕೇಳಿದೆ, ಅಷ್ಟು ಜಗಳ ಮಾಡಿದವಳಿಗೆ ಯಾಕೆ ಕೊಟ್ಟದ್ದು ಅಂತ. ಅವಳ ಹತ್ತಿರ ಇರಲಿ, ಸ್ವಲ್ಪ ದಿನ ಒಬ್ಬಳೇ ಓಡಿಸಿದರೆ ಬೇಜಾರು ಬರ್ತದೆ, ಆಗ ಅವಳೇ ಮೆಷಿನ್ ಹಿಡ್ಕೊಂಡು ಬರ್ತಾಳೆ, ಎಲ್ಲರೂ ಓಡಿಸುವ ಅಂತ ಹೇಳಿದ. ಬಾ ಅಂತ ನಾನೇ ಹೇಳ್ತೇನೆ ಅಂದರೆ ಬಿಡ್ಲಿಲ್ಲ. ಕೇಳಿ ತರಿಸಿಕೊಳ್ಳುವುದಲ್ಲ ಅಂದ. ಟಿವಿಗೆ ಇನ್ನೊಂದು ವಯರು ಹಾಕಿಸಿ ಇಟ್ಟಿದ್ದ, ನಿನ್ನ ಮೆಷಿನ್‌ಗೆ."

"ಎಷ್ಟು ಸಮಯ ಇತ್ತು ಆ ವಯರು?"

"ಅಂಗಡಿ ಖಾಲಿ ಮಾಡುವ ದಿನ ನಾನೇ ಬಿಚ್ಚಿದ್ದು."

ಅಂಗಳದಲ್ಲಿ ಬಾಳೆಲೆ ಗುಡಿಸುತ್ತಿದ್ದರು. ನನಗೆ ಅಲ್ಲಿ ಅಳಲು ನಾಚಿಕೆಯಾಯಿತು, ಆದರೂ ಅತ್ತೆ. ಅವರಿಗಾಗಿ ಅತ್ತದ್ದಕ್ಕಿಂತ ಹೆಚ್ಚು ನನ್ನ ಮೇಲಿನ ಅಸಹ್ಯಕ್ಕೆ ಅತ್ತೆ. ಎಷ್ಟೋ ತಿಂಗಳು ಆ ಅಂಗಡಿಗೆ ಹೋಗಿ ನಿಂತಿದ್ದೇನೆ. ಕಂದು ಕುದುರೆಯನ್ನು ನೋಡಿ ಹೆಮ್ಮೆಪಟ್ಟು ಬಸ್ಸು ಹತ್ತಿದ್ದೇನೆ. ಪ್ರತಿ ಸಲವೂ ಅವರು ನನ್ನ ಕೈಯಲ್ಲಿ ಮೆಷಿನಿನ ಚೀಲ ಉಂಟಾ ಎಂದು ನೋಡಿರಬೇಕು.

ಮುಂದಿನ ಭಾನುವಾರ ಅಟ್ಟ ಹತ್ತಿ ಮೆಷಿನ್ ಇಳಿಸಿದೆ. ಧೂಳು ಒರೆಸಿ, ಟಿವಿಗೆ ಜೋಡಿಸಿ ನೋಡಿದೆ. ಮೊದಲ ಸಲ ಮಿಣುಕಿ ಆರಿತು, ಎರಡನೆಯ ಸಲ ಹೊತ್ತಿಕೊಂಡಿತು. ಗಂಡ, "ಈಗ ಇದನ್ನು ತಗೊಂಡು ಹೋಗಿ ಎಂತ ಮಾಡ್ತಿ, ಅವರೇ ಇಲ್ಲವಲ್ಲ" ಎಂದರು. ನಾನು ಅದನ್ನು ಸೀರೆಯ ಅಂಗಡಿಯ ಒಂದು ಗಟ್ಟಿ ಚೀಲದಲ್ಲಿ ಹಾಕಿ ಮೂಡುಬಿದಿರೆಯ ಬಸ್ಸು ಹತ್ತಿದೆ.

ಹಮೀದಾಕನ ಹೊಲಿಗೆ ಅಂಗಡಿ ಈಗಲೂ ಇದೆ, ಮಗ ನಡೆಸುತ್ತಾನೆ. ಮೂಲೆಯಲ್ಲಿ ಸಣ್ಣ ಟಿವಿ. ನನ್ನ ಕೈಯಲ್ಲಿದ್ದ ಚೀಲ ನೋಡಿ ಹಮೀದಾಕ ಏನೂ ಕೇಳಲಿಲ್ಲ. ಟಿವಿಯ ಹಿಂದೆ ಬಗ್ಗಿ ವಯರು ಸಿಕ್ಕಿಸಿದ್ದೂ ಅವರೇ. ಆಟ ತೆರೆಯಿತು. ಬೆಟ್ಟದ ಬುಡದಲ್ಲಿ ನಾನು ಅಷ್ಟು ವರ್ಷದ ಹಿಂದೆ ನಿಲ್ಲಿಸಿ ಎದ್ದಿದ್ದ ಜಾಗದಲ್ಲಿ ಬಿಳಿ ಕುದುರೆ ನಿಂತಿತ್ತು. ಹುಲ್ಲು ತಿನ್ನಿಸದೆ ಬಿಟ್ಟಿದ್ದೆ, ತಲೆ ತಗ್ಗಿಸಿಕೊಂಡಿತ್ತು.

ಹಮೀದಾಕ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. ಕಂಟ್ರೋಲರನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಕಿಸೆಯಿಂದ ಮೊಬೈಲು ತೆಗೆದರು.

"ಸದಾಶಿವಾ, ಎಲ್ಲಿದ್ದೀ? 
ಬಾಡಿಗೆ ಇದ್ದರೆ ಇಳಿಸಿ ಬಾ. ಹೌದು, ಈಗಲೇ. ಕುದುರೆ ಬಂತು."

ಆ ಕಡೆಯಿಂದ ಸದಾಶಿವಣ್ಣ ಏನು ಕೇಳಿದರೋ ನನಗೆ ಕೇಳಿಸಲಿಲ್ಲ. ಹಮೀದಾಕ ನನ್ನ ಕಡೆ ನೋಡಿದರು, ಆಮೇಲೆ ಫೋನಿಗೆ ಹೇಳಿದರು, "ಹೌದು ಮಾರಾಯ, ಅವಳೇ ತಂದದ್ದು. ಯಾರೂ ಕೇಳ್ಲಿಲ್ಲ."